ಕದ ಒದ್ದವನ ರ‍್ಯಾಪು

ಇದ್ದದ್ದನ್ನು ಇದ್ದ ಹಾಗೆ ತೋರಿಸಿದರೆ ಹೊಟ್ಟೆ ತುಂಬುವುದಿಲ್ಲ ಎಂದು ನಂಬಿಯೇ ಇಷ್ಟು ವರ್ಷ ಬದುಕಿದವನು ನಾನು. ಗೋಕಾಕದಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಮದುವೆ ವಿಡಿಯೋ ಮುಖ್ಯ ಕಸುಬು. ಬೀಗರು ಊಟದ ಪಂಕ್ತಿಯಲ್ಲಿ ಜಗಳ ತೆಗೆದರೆ ಕತ್ತರಿ, ಮದುಮಗ ಆಕಳಿಸಿದರೆ ಕತ್ತರಿ, ಮಾರಿ ಮೇಲೆ ಮೊಡವೆ ಇದ್ದರೆ ಅದಕ್ಕೂ ಕಂಪ್ಯೂಟರಿನಲ್ಲಿ ಮದ್ದು. ಸಂಕೇಶ್ವರದ ಬೀಗರೊಬ್ಬರಿಗೆ ನಾನು ಎಷ್ಟು ಬಣ್ಣ ಹಚ್ಚಿದ್ದೆನೆಂದರೆ, ಸ್ವಂತ ಮೊಮ್ಮಗಳೇ ವಿಡಿಯೋ ನೋಡಿ "ಈ ಅಜ್ಜ ಯಾರು?" ಎಂದಳಂತೆ. ಅದನ್ನು ನಾನು ಹೊಗಳಿಕೆ ಎಂದೇ ತಿಳಿದೆ.

ಇಂಥ ನನ್ನ ಹತ್ತಿರ ಹುಕ್ಕೇರಿಯ ಡೇನಿಯಲ್ ಬಂದ. ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನು. "ಕಾಕಾ, ಯೇಸುಸ್ವಾಮಿ ಮ್ಯಾಲ ಒಂದು ರ‍್ಯಾಪ್ ಬರದೇನ್ರಿ, ವಿಡಿಯೋ ಮಾಡಿಕೊಡ್ರಿ" ಎಂದ. ಅವನ ಕುಡಿತಕ್ಕೆ ಬೇಸತ್ತು ಹೆಂಡತಿ ರೂತ್ ಮಗುವನ್ನು ಕರೆದುಕೊಂಡು ಮೂಡಲಗಿಯ ತವರಿಗೆ ಹೋಗಿ ಕೂತಿದ್ದಳು. ಇವನು ಚರ್ಚಿನ ದಾರಿ ಹಿಡಿದು, ಕುಡಿತ ಬಿಟ್ಟು ವರ್ಷವಾಗಿತ್ತು; ಆಕೆ ನಂಬಿರಲಿಲ್ಲ. ಫೋನ್ ಎತ್ತುವುದಿಲ್ಲ, ಆದರೆ ವಿಡಿಯೋ ಕಳಿಸಿದರೆ ನೋಡುತ್ತಾಳೆ. "ಇದೊಂದ ದಾರಿ ಉಳದೈತ್ರಿ" ಎಂದು ಅವನು ತಲೆ ತಗ್ಗಿಸಿದಾಗ ನಾನು ಒಪ್ಪಿಕೊಂಡೆ.

ರ‍್ಯಾಪಿನ ಗಂಧಗಾಳಿ ನನಗಿರಲಿಲ್ಲ. ಹಣೆತುಂಬ ವಿಭೂತಿ ಹಚ್ಚಿಕೊಂಡು ಕೂತು, ಅವನ ಮೊಬೈಲಿನಲ್ಲಿ ಇಂಥ ಹಾಡುಗಳನ್ನು ನಾಲ್ಕು ದಿನ ನೋಡಿದೆ. ಮಾಮೂಲಿ ರ‍್ಯಾಪಿನವನು ಕೊರಳಿಗೆ ಸರಪಳಿ ಹಾಕಿಕೊಂಡು, ಕಾರಿನ ಮೇಲೆ ಹತ್ತಿ, ನಾನೇ ದೊಡ್ಡವನೆಂದು ಎದೆಗೆ ಬೆರಳು ತೋರಿಸುತ್ತಾನೆ. ಈ ಯೇಸುವಿನ ರ‍್ಯಾಪಿನವರದೂ ಅದೇ ಟೊಪ್ಪಿಗೆ, ಅದೇ ಜೋಲು ಅಂಗಿ, ಅದೇ ಕೈ ಬೀಸಾಟ. ಆದರೆ ಇವರ ಬೆರಳು ಎದೆಗೆ ಬರುವುದು ತಪ್ಪು ಒಪ್ಪಿಕೊಳ್ಳುವಾಗ. ಪಾಪದಿಂದ ಪಾರಾದ ಮಾತು ಬಂದಾಗ ಅದು ಆಕಾಶಕ್ಕೆ ಹೋಗುತ್ತದೆ. ಕೊನೆಯವರೆಗೂ ಕಾದು, "ಯೇಸುಸ್ವಾಮಿ ಯಾವಾಗ ಬರ್ತಾರಪಾ?" ಎಂದು ಕೇಳಿದೆ. "ಬರೂದಿಲ್ರಿ ಕಾಕಾ. ಹಾಡಾಂವನ ಮಾರಿ ಮ್ಯಾಲ ಕಾಣಬೇಕ್ರಿ" ಎಂದ. ಗೃಹಪ್ರವೇಶದ ವಿಡಿಯೋದ ಮೂಲೆಯಲ್ಲೂ ಗಣಪತಿಯನ್ನು ಗಿರಗಿರ ತಿರುಗಿಸುವ ನನಗೆ ಇದು ಸರಿ ಕಾಣಲಿಲ್ಲ. ದೇವರ ಹಾಡಿನಲ್ಲಿ ದೇವರೇ ಇಲ್ಲವೆಂದರೆ ನೋಡುವವರು ನನಗೆ ಏನಂದಾರು?

ಶೂಟಿಂಗ್ ದಿನ ಅವನು ತನ್ನ ಮನೆಯ ಕದದ ಮುಂದೆಯೇ ನಿಂತ. ಹಿಂದೆ ಕುಡಿದು ಬಂದು ಒದ್ದು, ಚಿಲಕ ಮುರಿದ ಕದ. "ಕುಡದು ಬಂದು ಕದಾ ಒದ್ದಾಂವ ನಾನ, ಕೂಸು ಅಂಜಿ ಅತ್ತರ ನಕ್ಕಾಂವ ನಾನ" ಎಂದು ಎದೆ ಬಡಿದುಕೊಂಡು ಹಾಡಿದ. ಹಾಡುತ್ತ ಹಾಡುತ್ತ ಕಣ್ಣು ತುಂಬಿತು, ಮೂಗೂ ಸೋರಿತು. ಆಮೇಲೆ ನನ್ನ ಒತ್ತಾಯಕ್ಕೆ ಗೋಕಾಕ ಫಾಲ್ಸ್ ಮುಂದೆಯೂ ನಿಂತ.

ಎಡಿಟಿಂಗಿಗೆ ಕೂತೆ ನೋಡಿ, ಹಳೆಯ ಚಾಳಿ ಎದ್ದಿತು. ಹೆಂಡತಿಗೆ ಕಳಿಸುವ ವಿಡಿಯೋದಲ್ಲಿ ಕದ ಒದ್ದ ಸುದ್ದಿ ಯಾಕೆ ಬೇಕು? ತೆಗೆದೆ. ಮೂಗು ಒರೆಸಿದೆ. ಮಾರಿ ಬೆಳ್ಳಗೆ ಮಾಡಿ, ಹಿಂದೆ ಫಾಲ್ಸ್ ನೀರು ಬಿಟ್ಟು, ಬೆರಳು ಮೇಲೆ ಹೋದಾಗಲೆಲ್ಲ ಆಕಾಶದಿಂದ ಗುಲಾಬಿ ಪಕಳೆ ಸುರಿಸಿದೆ. ಡೇನಿಯಲ್ ತಲೆ ಕೆರೆದುಕೊಂಡ. "ನೀವು ತಿಳದಾವ್ರು" ಎಂದು ನನ್ನ ಮೇಲೆ ಭಾರ ಹಾಕಿ ಹೆಂಡತಿಗೆ ಕಳಿಸಿಬಿಟ್ಟ.

ಮರುದಿನ ಫೋನ್ ಬಂದದ್ದು ಅವನಿಗಲ್ಲ, ನನಗೆ. ವಿಡಿಯೋದ ಕೊನೆಗೆ ಸ್ಟುಡಿಯೋ ನಂಬರ್ ಹಾಕುವುದು ನಮ್ಮ ಪದ್ಧತಿ. "ಮೂಡಲಗಿಯಿಂದ ರೂತ್ ಮಾತಾಡಾಕತ್ತೇನ್ರಿ. ದೇವರು ನನ್ನ ಬದಲ ಮಾಡ್ಯಾನ ಅಂತ ಹಾಡ್ಯಾನಲ್ರಿ, ಮದಲ ಹೆಂಗಿದ್ದಾ ಅನ್ನೂದ ಇದರಾಗ ಇಲ್ಲ. ಮತ್ತ ದೇವರು ಬದಲ ಮಾಡಿದ್ದರ ಏನ್ರಿ? ಹೂವಿನ್ಯಾಗ ನಿಂತಾಂವ ನನ್ನ ಗಂಡ ಅಲ್ರಿ."

"ತಪ್ಪು ಅವಂದಲ್ಲ ಯವ್ವಾ, ನಂದು" ಎಂದೆ. ಅಂದೇ ಪಕಳೆಗಳನ್ನೆಲ್ಲ ಗುಡಿಸಿ ಹಾಕಿ, ಫಾಲ್ಸ್ ಬಂದ್ ಮಾಡಿ, ಮುರಿದ ಚಿಲಕ, ಅತ್ತ ಕೂಸಿನ ಸಾಲು, ಸೋರುವ ಮೂಗು ಎಲ್ಲವನ್ನೂ ವಾಪಸು ಕೂಡಿಸಿ ಕಳಿಸಿದೆ. ರವಿವಾರ ಹುಕ್ಕೇರಿ ಸ್ಟ್ಯಾಂಡಿನಲ್ಲಿ ರೂತ್ ಮಗುವಿನ ಸಮೇತ ಬಸ್ಸಿಳಿದಳು. ನನಗಾದ ಸಂತೋಷ ಇಷ್ಟಿಷ್ಟಲ್ಲ.

ಆ ಉಬ್ಬಿನಲ್ಲಿ ನನ್ನ ಹೆಂಡತಿ ಸಾವಿತ್ರಿಗೂ ವಿಡಿಯೋ ತೋರಿಸಿದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಎಷ್ಟು ಚೆಂದ ಒಪ್ಪಿಕೊಂಡಾನ ನೋಡ್ರಿ. ನೀವು ಎಂದಾದರ ಒಂದ ತಪ್ಪು ಒಪ್ಪಿಕೊಂಡೀರೇನು?" ಎಂದಳು. ನನ್ನ ಮನಸ್ಸೂ ಮೆತ್ತಗಾಗಿತ್ತು. ಎದೆ ಮೇಲೆ ಬೆರಳಿಟ್ಟು ಹೇಳಿಯೇಬಿಟ್ಟೆ: ಹೋದ ವರ್ಷ ನಾಗರ ಪಂಚಮಿಗೆ ಅವಳನ್ನು ತವರಿಗೆ ಕರೆದೊಯ್ಯಲು ಬರುತ್ತೇನೆಂದು ನಾಗನೂರಿನಿಂದ ಅವಳ ಅಣ್ಣ ಫೋನ್ ಮಾಡಿದ್ದ, "ಆಕಿಗೆ ಮೊಣಕಾಲು ನೋವು, ಬರಬ್ಯಾಡ್ರಿ" ಎಂದು ಸುಳ್ಳು ಹೇಳಿ ತಪ್ಪಿಸಿದವನು ನಾನೇ. ನಾಲ್ಕು ದಿನ ಒಲೆ ಮುಂದೆ ನಿಲ್ಲುವುದು ಯಾರಿಗೆ ಬೇಕಿತ್ತು? ಅಣ್ಣ ತನ್ನನ್ನು ಮರೆತನೆಂದು ಆಕೆ ವರ್ಷಪೂರ್ತಿ ಅವನೊಡನೆ ಮಾತು ಬಿಟ್ಟಿದ್ದಳು.

"ನಾ ಕೇಳಿದ್ದು ಮೊನ್ನಿ ನೀವು ಹಾಲು ಉಕ್ಕಿಸಿದ್ದರ ಸಲುವಾಗಿ ರೀ" ಎಂದಳು ಸಾವಿತ್ರಿ, ಬಹಳ ಮೆಲ್ಲಗೆ.

ಈಗ ಆಕೆ ನಾಗನೂರಿನಲ್ಲಿದ್ದಾಳೆ. ಮೂರು ದಿನದಿಂದ ನನಗೆ ಚುರಮುರಿಯೇ ಊಟ. ನಿನ್ನೆ ಡೇನಿಯಲ್, ರೂತ್ ಕಟ್ಟಿಕೊಟ್ಟ ರೊಟ್ಟಿ, ಪಲ್ಯದ ಡಬ್ಬಿ ತಂದಿದ್ದ. "ಅಂಜಬ್ಯಾಡ್ರಿ ಕಾಕಾ, ಕ್ಯಾಮೆರಾ ನಾ ಹಿಡೀತೇನಿ, ಹಾಡು ನೀವ ಬರೀರಿ" ಎಂದ. ಬರೆಯುತ್ತಿದ್ದೇನೆ. ಆದರೆ ಈ ಸಲ, ಆಕೆಗೆ ಈಗಾಗಲೇ ಗೊತ್ತಿರುವ ತಪ್ಪುಗಳನ್ನು ಮಾತ್ರ.