ಒಂಬತ್ತನೆಯ ಮಾಳಿಗೆಯ ಬಾಗಿಲು

ಯಾರು ಏನೇ ಕೇಳಲಿ, ಮೊದಲು ‘ಇಲ್ಲ’ ಎಂದುಬಿಡುವುದು, ಆಮೇಲೆ ಬೇಕಾದರೆ ವಿಚಾರ ಮಾಡುವುದು. ಇದು ನನ್ನ ಪದ್ಧತಿ. ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವರಿಗೂ ಇದೇ, ಮಗಳನ್ನು ನೋಡಲು ಬರುತ್ತೇವೆ ಎಂದು ಹೇಳಿ ಕಳಿಸಿದವರಿಗೂ ಇದೇ. ಇದರಿಂದ ಅರವತ್ತೆಂಟು ವರ್ಷದಲ್ಲಿ ನನಗೆ ಹೇಳಿಕೊಳ್ಳುವಂಥ ಕೇಡೇನೂ ಆಗಿಲ್ಲ. ಹಾಗಿದ್ದವಳು ಈಚೆಗೆ ಒಂದು ದಿನ ಟೀವಿಯ ಮುಂದೆ ಕುಳಿತು, ಅದು ಏನು ಕೇಳುತ್ತಿದೆ ಎಂದು ತಿಳಿಯದೆ, ಎರಡು ಸಲ ‘ಹೂಂ’ ಎಂದುಬಿಟ್ಟೆ. ಎರಡೇ ಸಲ. ಅಷ್ಟರಲ್ಲಿ ಮೊಮ್ಮಗಳ ಎರಡು ವರ್ಷದ ಶ್ರಮ ನೀರಲ್ಲಿ ಹೋಯಿತು.

ಮೊಮ್ಮಗಳು ಶಿಲ್ಪಾ ಹಾನಗಲ್ಲಿನ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಾಳೆ. ನಾವಿರುವುದು ದುಂಡಸಿ. ಅವಳ ಸೋದರಮಾವ ಹುಬ್ಬಳ್ಳಿಯ ಹಳೆ ಸಾಮಾನಿನ ಬಜಾರಿನಿಂದ ಅವಳಿಗೊಂದು ವಿಡಿಯೋ ಗೇಮ್ ತಂದುಕೊಟ್ಟಿದ್ದ. ಅವಳು ಹುಟ್ಟುವುದಕ್ಕೂ ಮೊದಲಿನದು. ಊದಿದರೆ ನಡೆಯುತ್ತದೆ, ಊದದಿದ್ದರೆ ಇಲ್ಲ, ಹಸಿ ಕಟ್ಟಿಗೆಯ ಒಲೆಯ ಹಾಗೆ. ಅದರೊಳಗೆ ಹಾಕುವ ದಪ್ಪ ಕ್ಯಾಸೆಟ್ಟಿನಲ್ಲಿ ಹನ್ನೆರಡು ಮಾಳಿಗೆಯ ಗೋಪುರವಿದೆ. ನೀಲಿ ಅಂಗಿಯ ಗಿಡ್ಡ ಮನುಷ್ಯನೊಬ್ಬ ಮೊಂಡು ಕತ್ತಿ ಹಿಡಿದು ಒಂದೊಂದೇ ಮಾಳಿಗೆ ಹತ್ತಬೇಕು. ಕತ್ತಿಗೆ ಕೆಲಸ ಕಡಿಮೆ, ತಲೆಗೆ ಹೆಚ್ಚು. ಕಲ್ಲು ನೂಕು, ದೀಪ ಹಚ್ಚು, ಕೀಲಿಕೈ ಹುಡುಕು, ಬಾಗಿಲು ತೆಗೆ. ಹಾಸ್ಟೆಲಿಗೆ ಹೊರಡುವಾಗ ಶಿಲ್ಪಾ ಅದನ್ನು ನನ್ನ ಸುಪರ್ದಿಗೆ ಕೊಟ್ಟಳು. ಅವಳ ಅವ್ವ ರೇಣುಕಾಳಿಗೆ ಕೊಡಲಿಲ್ಲ, ನನಗೆ ಕೊಟ್ಟಳು.

“ಆಯಿ, ವಾರಕ್ಕೊಮ್ಮೆ ಹಚ್ಚಿ ಆರಿಸು, ಸಾಕು. ಇಲ್ಲಂದ್ರ ತಂಪ ಹಿಡದ ಕೆಡತೈತಿ. ನಾ ಒಂಬತ್ತನೇ ಮಾಳಗಿ ಮಟಾ ಬಂದೇನಿ, ಸೂಟಿಗೆ ಬಂದ ಮುಗಸ್ತೇನಿ. ಬ್ಯಾರೆ ಏನೂ ಒತ್ತಬ್ಯಾಡ ನೋಡ.”

“ಒತ್ತಾಕ ನನಗೇನ ಹುಚ್ಚ ಹಿಡದೈತಿ?” ಎಂದೆ.

ಮೂರು ವಾರ ಹುಚ್ಚು ಹಿಡಿಯಲಿಲ್ಲ. ನಾಲ್ಕನೆಯ ವಾರ ಆಟ ಹಚ್ಚಿಟ್ಟು ಧೂಳು ಒರೆಸುವಾಗ ಅದರ ರಿಮೋಟಿನ ಗುಂಡಿ ಒತ್ತಿಹೋಯಿತು. ಪರದೆಯ ಮೇಲೆ ಏನೋ ಇಂಗ್ಲಿಷಿನಲ್ಲಿ ಬಂತು. ನಾನು ಕಲಿತದ್ದು ಮೂರನೆಯ ಇಯತ್ತೆ, ಅದೂ ಕನ್ನಡ. ಹೋಗಲಿ ಎಂದು ಒತ್ತಿದೆ. ಮತ್ತೊಮ್ಮೆ ಕೇಳಿತು. ಇಷ್ಟು ಮರ್ಯಾದೆಯಿಂದ ಎರಡೆರಡು ಸಲ ಯಾರು ಕೇಳುತ್ತಾರೆ ಎಂದು ಮತ್ತೆ ಒತ್ತಿದೆ. ಮೇಲೆ ಇದ್ದ ಶಿಲ್ಪಾಳ ಹೆಸರು, ಅವಳು ಹತ್ತಿದ ಮಾಳಿಗೆಗಳ ಸಮೇತ, ಹೋಯಿತು. ಆ ಜಾಗದಲ್ಲಿ ಬರೀ ಗೆರೆಗಳು ಉಳಿದವು.

ಅವಳಿಗೆ ಫೋನು ಮಾಡಿ ಹೇಳಬಹುದಿತ್ತು. ಹೇಳಲಿಲ್ಲ. ರಜೆ ಸಿಕ್ಕಿ ಅವಳು ಬರಲು ಇನ್ನೂ ಎರಡು ತಿಂಗಳಿತ್ತು. ಒಂಬತ್ತು ಮಾಳಿಗೆ ತಾನೆ, ಹತ್ತಿದರಾಯಿತು ಎಂದುಕೊಂಡೆ. ಅವಳ ಹಳೆಯ ನೋಟುಬುಕ್ಕಿನ ಮೇಲಿದ್ದ ಹೆಸರನ್ನು ನೋಡಿಕೊಂಡು, ರಂಗೋಲಿ ನೋಡಿ ಹಾಕುವಂತೆ ಒಂದೊಂದೇ ಅಕ್ಷರ ಹುಡುಕಿ ಹಾಕಿದೆ. ಆರು ಅಕ್ಷರಕ್ಕೆ ಅರ್ಧ ತಾಸು.

ಮಧ್ಯಾಹ್ನ ಸೊಸೆ ರೇಣುಕಾ ಹೊಲಕ್ಕೆ ಹೋದ ಮೇಲೆ ನಮ್ಮ ಆಟ. ನಮ್ಮ ಎಂದದ್ದೇಕೆಂದರೆ, ಎದುರು ಮನೆಯ ಬೀಬಿಜಾನಳೂ ಬರುತ್ತಿದ್ದಳು. ನನ್ನ ವಾರಿಗೆಯವಳು, ತವರು ಸವಣೂರು. ಅಲ್ಲಿಯ ವೀಳ್ಯದೆಲೆ ತಂದು ಸುಣ್ಣ ಸವರುತ್ತ, ರಿಮೋಟು ಮುಟ್ಟದೆ, ಹುಕುಂ ಮಾತ್ರ ಮಾಡುವುದು ಅವಳ ಪಾಲಿನ ಕೆಲಸ. ಆ ಗಿಡ್ಡ ಮನುಷ್ಯ ಕಂಡವರ ಮನೆ ಹೊಕ್ಕು ಗಡಿಗೆ ಒಡೆದು ಒಳಗಿದ್ದದ್ದನ್ನು ಎತ್ತಿಕೊಳ್ಳುವುದು ಅವಳಿಗೆ ಕಡೆಯವರೆಗೂ ಸರಿಬರಲಿಲ್ಲ.

“ಹಾಡಹಗಲ ಕಳವು ಪಾರಕ್ಕ ಇದು. ಮನಿಯಾಕಿ ಅಲ್ಲೇ ನಿಂತಾಳ, ಒಂದ ಮಾತ ಬೈವಲ್ಲಳಲ್ಲ!”

“ಬೈದರ ಆಟ ಮುಂದ ಹೋಗಬೇಕಲ್ಲ?”

“ನಾ ಆಗಿದ್ರ ಆಟ ಅಲ್ಲೇ ಮುಗಸ್ತಿದ್ದೆ ತಗಿ.”

ಕಲ್ಲು ನೂಕುವುದು ಮೊದಮೊದಲು ಕಷ್ಟವಾಯಿತು. ಮೂಲೆಗೆ ನೂಕಿದ ಕಲ್ಲನ್ನು ಹಿಂದಕ್ಕೆ ಎಳೆಯಲು ಬರುವುದಿಲ್ಲ. ಆದರೆ ಕೋಣೆಯಿಂದ ಹೊರಗೆ ಹೋಗಿ ಮತ್ತೆ ಒಳಗೆ ಬಂದರೆ ಎಲ್ಲ ಕಲ್ಲೂ ಮೊದಲಿದ್ದ ಜಾಗದಲ್ಲೇ ಇರುತ್ತವೆ. ಇಂಥ ಅನುಕೂಲ ಸಂಸಾರದಲ್ಲಿ ಇದ್ದಿದ್ದರೆ ನಾನು ಎಷ್ಟು ಸಲ ಹೊರಗೆ ಹೋಗಿ ಬರುತ್ತಿದ್ದೆನೋ. ಆಮೇಲೆ ಒಂದು ಉಪಾಯ ಹೊಳೆಯಿತು. ಸುಗ್ಗಿಯಲ್ಲಿ ಪಡಸಾಲೆಗೆ ಗೋವಿನಜೋಳದ ಚೀಲ ಒಟ್ಟುವಾಗ ನಾವು ಬಾಗಿಲಿಂದ ಶುರು ಮಾಡುವುದಿಲ್ಲ. ಒಳಮೂಲೆಯಿಂದ ಶುರು ಮಾಡುತ್ತೇವೆ, ಇಲ್ಲವಾದರೆ ನಾವೇ ಒಳಗೆ ಸಿಕ್ಕಿಬೀಳುತ್ತೇವೆ. ಕಲ್ಲುಗಳನ್ನೂ ಹಾಗೇ ನೂಕಿದೆ. ಮೂರು ಮಾಳಿಗೆ ಸರಸರ ಹತ್ತಿದೆ. ಆರನೆಯದರಲ್ಲಿ ಎಂಟು ದೀಪಗಳಿದ್ದವು, ಯಾವ ಕ್ರಮದಲ್ಲಿ ಹಚ್ಚಬೇಕೋ ತಿಳಿಯದು. ಗುಡಿಯಲ್ಲಿ ಸುತ್ತು ಬರುವಂತೆ ಬಲಗಡೆಗೇ ಒಂದೊಂದಾಗಿ ಹಚ್ಚುತ್ತ ಬಂದೆ. ಮೊದಲ ಸಲಕ್ಕೇ ಬಾಗಿಲು ತೆರೆಯಿತು. ಆ ದಿನ ನನ್ನ ಸೊಕ್ಕು ಹಿಡಿಯುವ ಪಾತ್ರೆ ಮನೆಯಲ್ಲಿರಲಿಲ್ಲ. ರೇಣುಕಾ, “ಅತ್ತಿ, ಇವತ್ತ ಪಲ್ಯಾ ಏನ ಮಾಡ್ಲಿರಿ?” ಎಂದರೆ, “ಏನರ ಮಾಡವ್ವ, ಎಲ್ಲಾ ರುಚಿ ಹತ್ತತೈತಿ” ಎಂದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು.

ಒಂಬತ್ತನೆಯ ಮಾಳಿಗೆಯಲ್ಲಿ ಆ ಸೊಕ್ಕು ಇಳಿಯಿತು. ಅಲ್ಲಿ ಎರಡು ಕೋಣೆಗಳು, ನಡುವೆ ಬಾಗಿಲಿಲ್ಲದ ಒಂದು ಚೌಕಟ್ಟು, ಕೆಳಗೆ ಕಲ್ಲಿನ ಹೊಸ್ತಿಲು. ಒಳಕೋಣೆಯಾಚೆ ಒಂದು ಕಬ್ಬಿಣದ ಬಾಗಿಲು, ಮುಚ್ಚಿದ್ದು. ಕಲ್ಲಿಲ್ಲ, ದೀಪವಿಲ್ಲ, ಕೀಲಿಕೈ ಇಲ್ಲ. ಗೋಡೆಗೆಲ್ಲ ಕತ್ತಿಯಿಂದ ಹೊಡೆದು ನೋಡಿದೆ. ಹನ್ನೊಂದು ಮಧ್ಯಾಹ್ನ ಕಳೆದವು. ಶಿಲ್ಪಾ ಬರಲು ನಾಲ್ಕು ದಿನ ಉಳಿದಿತ್ತು. ಚುರುಕು ಹುಡುಗಿ, ಈ ಬಾಗಿಲನ್ನು ಎಂದೋ ದಾಟಿರುತ್ತಾಳೆ, ನಾನು ಇಲ್ಲೇ ನಿಂತರೆ ಆಟ ಹಚ್ಚಿದೊಡನೆ ಅವಳಿಗೆ ಗೊತ್ತಾಗುತ್ತದೆ ಎಂದುಕೊಂಡು ಮತ್ತೆ ಮತ್ತೆ ಗೋಡೆಗೆ ಕತ್ತಿ ಬೀಸುತ್ತಿದ್ದೆ. ವಾರಕ್ಕೊಮ್ಮೆ ಫೋನಿನಲ್ಲಿ, “ಹಚ್ಚಿ ಆರಿಸಿದ್ಯಾ ಆಯಿ?” ಎಂದು ಕೇಳುತ್ತಿದ್ದಳು. “ಹೂಂ” ಎನ್ನುತ್ತಿದ್ದೆ. ಹಚ್ಚಿದ್ದು ನಿಜ, ಆರಿಸಿದ್ದೂ ನಿಜ.

ಹನ್ನೆರಡನೆಯ ದಿನ ಬೀಬಿಜಾನಳಿಗೆ ಬೇಸರ ಬಂತು.

“ಅಲ್ಲ, ಹೋಗುವಾಗೂ ಹಾರಸ್ತಿ, ಬರುವಾಗೂ ಹಾರಸ್ತಿ. ಅಂವಗ ಕಾಲ ಇಲ್ಲೇನ? ನಡಸು.”

“ನಡಸಿದ್ರ ಹೊಸ್ತಿಲ ತುಳದಂಗ ಆಗತೈತಲ್ಲ?”

ಬೀಬಿಜಾನ ಸುಣ್ಣದ ಬೆರಳನ್ನು ಹಾಗೇ ಮೇಲೆ ಹಿಡಿದು ನನ್ನನ್ನು ನೋಡಿದಳು. “ಅದೇನ ನಿನ್ನ ಮನಿದೇನ? ಅರಿಷಿಣ-ಕುಂಕುಮ ಹಚ್ಚೀಯೇನ ಅದಕ್ಕ? ತುಳಿಯೇ ಮಾರಾಯ್ತಿ!”

ನಿಜ ಹೇಳುತ್ತೇನೆ, ನಾನು ಬೇಕೆಂದು ಮಾಡಿದ್ದಲ್ಲ. ಇಷ್ಟೂ ದಿನ ಪ್ರತಿ ಬಾಗಿಲಲ್ಲೂ ನನ್ನ ಹೆಬ್ಬೆರಳು ತಾನಾಗಿಯೇ ಹಾರುವ ಗುಂಡಿಗೆ ಹೋಗುತ್ತಿತ್ತು. ಹುಟ್ಟಿದಾಗಿನಿಂದ ಹೊಸ್ತಿಲು ದಾಟಿದವಳು ನಾನು, ತುಳಿದವಳಲ್ಲ. ಮನಸ್ಸಿನಲ್ಲೇ ಕೈ ಮುಗಿದು ಆ ಗಿಡ್ಡನನ್ನು ಹೊಸ್ತಿಲ ಮೇಲೆ ನಿಲ್ಲಿಸಿದೆ. ಕಲ್ಲು ಒಂದು ಬೆರಳಷ್ಟು ಕುಸಿಯಿತು. ಆಚೆಯ ಕಬ್ಬಿಣದ ಬಾಗಿಲು ಮೇಲಕ್ಕೆ ಸರಿಯಿತು. ಬೀಬಿಜಾನ, “ಹನ್ನೊಂದ ದಿನಾ!” ಎಂದಳು. ಅದನ್ನು ಈಗಲೂ ಓಣಿಯಲ್ಲಿ ಹೇಳುತ್ತ ತಿರುಗುತ್ತಿದ್ದಾಳೆ.

ಶಿಲ್ಪಾ ಬಂದಳು. ಕೈಕಾಲು ತೊಳೆದು, ಚಹಾ ಲೋಟ ಹಿಡಿದು, ಆಟ ಹಚ್ಚಿದಳು. ನಾನು ಮೊರ ಹಿಡಿದು ಆರಿಸಿಟ್ಟ ತೊಗರಿಬೇಳೆಯನ್ನೇ ಮತ್ತೆ ಆರಿಸತೊಡಗಿದೆ. ಅವಳ ಹೆಸರು ಬಂತು. ಗಿಡ್ಡ ಮನುಷ್ಯ ತೆರೆದ ಬಾಗಿಲ ಆಚೆ ನಿಂತಿದ್ದ. ಅವಳು ಲೋಟ ಕೆಳಗಿಟ್ಟಳು.

“ಆಯಿ, ಈ ಬಾಗಲಾ ಹೆಂಗ ತಗೀತು? ವರ್ಷದ ಮ್ಯಾಲಾತು, ನನಗ ತಗಿಯಾಕ ಬಂದಿಲ್ಲ. ಇಲ್ಲೇ ಸಿಕ್ಕೊಂಡ ಕುಂತಿದ್ದೆ ನಾ!”

ಅಲ್ಲಿಗೆ ಮುಗಿಯಿತು. ಅವಳು ಇದ್ದಲ್ಲಿಗೆ ಮುಟ್ಟಿಸಿ ಸುಮ್ಮನಾಗಬೇಕೆಂದವಳು ಅವಳನ್ನೇ ದಾಟಿ ಮುಂದೆ ಹೋಗಿದ್ದೆ. “ಹೊಸ್ತಿಲ ಮ್ಯಾಲ ನಿಂದ್ರಸಿದೆ” ಎಂದೆ.

“ನೀನು? ಹೊಸ್ತಿಲ ಮ್ಯಾಲ?” ಹುಡುಗಿ ಬಾಯಿ ತೆರೆದುಕೊಂಡೇ ಕುಳಿತಳು. “ನಾ ಸಣ್ಣಾಕಿದ್ದಾಗ ಹೊಸ್ತಿಲ ಮ್ಯಾಲ ನಿಂತೆ ಅಂತ ಮೀನಖಂಡಕ್ಕ ಒಂದ ಕೊಟ್ಟಿದ್ದೆಲ್ಲ ನೀ? ಅವತ್ತಿಂದ ಆಟದಾಗೂ ನಾ ತುಳದಿಲ್ಲ ಆಯಿ. ವರ್ಷಗಟ್ಟಲೆ ಹಾರೀನಿ!”

“ಮನಿ ಹೊಸ್ತಿಲ ಬ್ಯಾರೆ, ಆಟದ್ದ ಬ್ಯಾರೆ. ಕಾಲೇಜ ಕಲಿಯಾಕಿಗೆ ಇಷ್ಟೂ ತಿಳಿಬಾರದ?” ಎಂದೆ. ಆದರೆ ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ. ಮೊರ ಬದಿಗಿಟ್ಟೆ. ಅವಳ ಮುಖ ನೋಡದೆ, ಟೀವಿ ನೋಡುತ್ತ ಹೇಳಿದೆ: “ನಿನ್ನ ಆಟಾ ಅಳಿಸಿದ್ದು ನಾನ. ಇದು ನಾ ಮೊದಲಿಂದ ಆಡಿದ್ದು. ತಪ್ಪಾತು.”

ಅವಳು ನನ್ನನ್ನು ನೋಡಿದಳು, ಟೀವಿಯನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಆಮೇಲೆ ಚಾಪೆಯ ಮೇಲೆ ಸರಿದು ಜಾಗ ಮಾಡಿದಳು. “ಆತ ಬಿಡ ಆಯಿ. ಇನ್ನ ಮೂರ ಮಾಳಗಿ ಅದಾವು. ಬಾ, ಇಲ್ಲಿ ಕುಂಡ್ರ. ಈಗ ಯಾವ ಕಡೆ ಹೋಗೂಣು?”

ಅಷ್ಟೇ. ಅಳಲಿಲ್ಲ, ಸಿಟ್ಟಾಗಲಿಲ್ಲ, ಊಟ ಬಿಡಲಿಲ್ಲ. ಅವಳು ಸಿಟ್ಟಾದರೆ ಇರಲಿ ಎಂದು ನಾನು ಎರಡು ತಿಂಗಳು ಕುಳಿತು ನಾಲ್ಕು ಸುಳ್ಳು ತಯಾರು ಮಾಡಿಟ್ಟಿದ್ದೆ. ಒಂದು ಇಲಿಯ ಮೇಲೆ, ಒಂದು ಕರೆಂಟಿನ ಮೇಲೆ, ಎರಡು ಬೀಬಿಜಾನಳ ಮೇಲೆ. ಒಂದೂ ಖರ್ಚಾಗಲಿಲ್ಲ. ಇರಲಿ, ಕೆಡುವ ಸಾಮಾನಲ್ಲ. ಉಳಿದ ಮೂರು ಮಾಳಿಗೆ ಆಡುವಾಗ ರಿಮೋಟು ನನ್ನ ಕೈಯಲ್ಲೂ ಇರುತ್ತದಲ್ಲ.