ಟಾರ್ಕ್ ಕನ್ವರ್ಟರ್ ಮತ್ತು ನನ್ನ ಹೆಂಡತಿಯ ಎಡಗಾಲು

ನಮ್ಮ ಮನೆಯಲ್ಲಿ ಏನಾದರೂ ಹಾಳಾದರೆ ಅದನ್ನು ರಿಪೇರಿ ಮಾಡಿಸುವುದು ಎರಡನೆಯ ಕೆಲಸ. ಹಾಳು ಮಾಡಿದವರು ಯಾರು ಎಂಬುದು ಮೊದಲು ಇತ್ಯರ್ಥವಾಗಬೇಕು. ಮಿಕ್ಸರ್ ಸುಟ್ಟರೂ, ನಲ್ಲಿ ಸೋರಿದರೂ, ಕೊಡೆಯ ಕಡ್ಡಿ ಮುರಿದರೂ ನಾನು ಕುರ್ಚಿ ಎಳೆದುಕೊಂಡು ಕೂತು ವಿಚಾರಣೆ ಆರಂಭಿಸುತ್ತೇನೆ. ಇಪ್ಪತ್ತೆಂಟು ವರ್ಷ ಕಚೇರಿಯಲ್ಲಿ ಫೈಲು ನೋಡಿದವನು. ತಪ್ಪು ಯಾವ ಮೇಜಿನದು ಎಂದು ಬೆರಳು ತೋರಿಸಿದರೆ ಕೆಲಸ ಮುಗಿಯಿತು ಎಂಬುದನ್ನು ಅಲ್ಲಿ ಚೆನ್ನಾಗಿ ಕಲಿತಿದ್ದೇನೆ. ಮನೆಯಲ್ಲಿರುವುದು ನಾನು ಮತ್ತು ನನ್ನ ಹೆಂಡತಿ ಸುಮಿತ್ರಾ ಇಬ್ಬರೇ ಆದ್ದರಿಂದ ವಿಚಾರಣೆ ಬಹಳ ಹೊತ್ತು ನಡೆಯುವುದಿಲ್ಲ. ತೀರ್ಪು ಯಾರ ವಿರುದ್ಧ ಬರುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಹೆಮ್ಮೆ ಇದ್ದದ್ದು ಹೋದ ವರ್ಷದವರೆಗೆ.

ನಾವು ಅಂಕೋಲೆಯವರು. ಇಬ್ಬರ ನೌಕರಿಯೂ ಕಾರವಾರದಲ್ಲಿ, ಬೇರೆ ಬೇರೆ ಕಚೇರಿಗಳಲ್ಲಿ. ಏಳೆಂಟು ವರ್ಷಗಳ ಹಿಂದೆ ಸ್ಕೂಟರಿನಿಂದ ಬಿದ್ದು ಅವಳ ಎಡ ಮೊಣಕಾಲಿನ ಚಿಪ್ಪು ಒಡೆಯಿತು. ಸ್ಕೂಟರ್ ಓಡಿಸುತ್ತಿದ್ದವನು ನಾನು. ಆ ವಿಚಾರಣೆಯಲ್ಲಿ ತಪ್ಪು ಅಡ್ಡ ಬಂದ ಎಮ್ಮೆಯದು ಎಂದು ತೀರ್ಮಾನವಾಯಿತು. ಮೂಳೆ ಕೂಡಿಕೊಂಡಿತು, ಕಾಲು ಮಡಚುವುದು ಮಾತ್ರ ಅರ್ಧಕ್ಕೇ ನಿಂತಿತು. ಬಸ್ಸು ಹತ್ತಬೇಕೆಂದರೆ ಕಂಡಕ್ಟರು ಮೇಲಿನಿಂದ ಕೈ ಹಿಡಿದು ಎಳೆಯಬೇಕು. ಐದು ವರ್ಷ ಹಾಗೇ ಹೋಗಿ ಬಂದಳು. ಕ್ಲಚ್ ತುಳಿಯುವುದು ಆ ಕಾಲಿನಿಂದ ಆಗದ ಮಾತು, ಹಾಗಾಗಿ ಕಾರು ಕಲಿಯುವ ಯೋಚನೆಯೇ ಇರಲಿಲ್ಲ. ಆಮೇಲೆ ಕ್ಲಚ್ಚೇ ಇಲ್ಲದ, ಗೇರು ತಾನಾಗಿ ಬದಲಾಗುವ ಹಳೆಯ ಗಾಡಿಯೊಂದು ಸಿಕ್ಕಿತು. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಅವಳು ಕೇಣಿಯ ರಸ್ತೆಯಲ್ಲಿ, ಮೀನು ಒಣಗಿಸಲು ಕೂತ ಹೆಂಗಸರು ಬೈದರೂ ಬಿಡದೆ, ಎರಡೇ ತಿಂಗಳಲ್ಲಿ ಕಲಿತುಬಿಟ್ಟಳು. ಮೊದಲ ಸಲ ಕಾರವಾರಕ್ಕೆ ಓಡಿಸಿಕೊಂಡು ಹೋದ ದಿನ ತನ್ನ ಕಚೇರಿಯ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಇಳಿಯದೆ, ಸ್ವಲ್ಪ ಹೊತ್ತು ಸ್ಟಿಯರಿಂಗ್ ಹಿಡಿದುಕೊಂಡೇ ಕೂತಿದ್ದಳು. ನನಗೆ ಹೊತ್ತಾಗುತ್ತಿತ್ತು, ಗಡಿಬಿಡಿ ಮಾಡಿ ಇಳಿಸಿದೆ. ಅಂದಿನಿಂದ ಬೆಳಿಗ್ಗೆ ಹೋಗುವಾಗ ಅವಳು, ಸಂಜೆ ಬರುವಾಗ ನಾನು ಎಂದು ಒಪ್ಪಂದವಾಯಿತು.

ಎರಡು ವರ್ಷ ಕಳೆದ ಮೇಲೆ ಗಾಡಿಗೆ ನಡುಕ ಹತ್ತಿತು. ಐವತ್ತು ಅರವತ್ತರ ವೇಗಕ್ಕೆ ಬಂದರೆ ನುಣ್ಣನೆಯ ಹೆದ್ದಾರಿಯೂ ಜಲ್ಲಿ ಹಾಸಿದ ರಸ್ತೆಯಂತಾಗುತ್ತಿತ್ತು. ಏರಿನಲ್ಲಿ ಇಂಜಿನ್ ಕೂಗಿಕೊಳ್ಳುತ್ತಿತ್ತು, ಗಾಡಿ ಮಾತ್ರ ಮುಂದಕ್ಕೆ ಹೋಗುತ್ತಿರಲಿಲ್ಲ. ನಾನು ಕುರ್ಚಿ ಎಳೆದುಕೊಂಡೆ.

"ನೀನು ಎರಡೂ ಕಾಲಲ್ಲಿ ತುಳೀತೆ. ನಿನ್ನ ಎಡಗಾಲು ಬ್ರೇಕಿನ ಮೇಲೇ ಇರ್ತದೆ."

"ನನ್ನ ಎಡಗಾಲು ಅಲ್ಲೀವರೆಗೆ ಮಡಚೂದೇ ಇಲ್ಲಲ್ರೀ" ಎಂದಳು ಸುಮಿತ್ರಾ.

ಸಾಕ್ಷ್ಯವೇನೋ ಬಲವಾಗಿತ್ತು. ಆದರೆ ತೀರ್ಪು ಆಗಲೇ ಬರೆದಾಗಿತ್ತು. ಅದು ಮನೆಯಲ್ಲೇ ಉಳಿದಿದ್ದರೆ ಚಿಂತೆಯಿರಲಿಲ್ಲ. ನಾನು ಅದನ್ನು ಕಚೇರಿಗೆ ಒಯ್ದೆ. ಚಹಾ ಹೊತ್ತಿನಲ್ಲಿ ಕುರ್ಚಿಯ ಮೇಲೆ ಕೂತು, ಎರಡು ಫೈಲುಗಳನ್ನು ನೆಲದ ಮೇಲಿಟ್ಟು, ಅವಳು ಎರಡೂ ಕಾಲಲ್ಲಿ ಹೇಗೆ ತುಳಿಯುತ್ತಾಳೆ, ಗಾಡಿ ಹೇಗೆ ಕುಪ್ಪಳಿಸುತ್ತದೆ ಎಂದು ಅಭಿನಯಿಸಿ ತೋರಿಸಿದೆ. ಅಷ್ಟು ವರ್ಷದ ಸೇವೆಯಲ್ಲಿ ನನ್ನ ಯಾವ ಕೆಲಸಕ್ಕೂ ಸಿಗದ ಮೆಚ್ಚುಗೆ ಅದಕ್ಕೆ ಸಿಕ್ಕಿತು. ಪಕ್ಕದ ವಿಭಾಗದವರೂ ನೋಡಲು ಬಂದರು. ಹೆಡ್ ಕ್ಲರ್ಕ್ ಗಣಪತಿಯವರಂತೂ ಕಣ್ಣೀರು ಒರೆಸಿಕೊಂಡು ನಕ್ಕರು. ಆಮೇಲೆ ವಾರಕ್ಕೊಮ್ಮೆಯಾದರೂ ಮತ್ತೆ ಮಾಡಿ ತೋರಿಸಬೇಕಾಗುತ್ತಿತ್ತು.

ಕೆಲವು ದಿನಗಳಲ್ಲಿ ಸುಮಿತ್ರಾ ಕೀಲಿಯನ್ನು ನನ್ನ ಮುಂದೆ ಇಟ್ಟಳು. "ಇನ್ನ್ ನೀವೇ ಓಡ್ಸಿ. ನಂಗೆ ಸಾಕು." ಬೆಳಿಗ್ಗೆಯೂ ನಾನೇ ಓಡಿಸತೊಡಗಿದೆ. ಗಾಡಿಯ ನಡುಕ ಇನ್ನೂ ಹೆಚ್ಚಾಯಿತು. ಅವಳು ಮುಟ್ಟದಿದ್ದರೂ ಯಾಕೆ ಹೆಚ್ಚಾಯಿತು ಎಂದು ಒಮ್ಮೆಯಾದರೂ ಯೋಚಿಸಬಹುದಿತ್ತು.

ಕೊನೆಗೆ ಬಾಳೆಗುಳಿಯ ವಿಠೋಬ ಮೇಸ್ತ್ರಿಯ ಗ್ಯಾರೇಜಿಗೆ ಒಯ್ದೆವು. ಮೇಸ್ತ್ರಿ ಗಾಡಿಯನ್ನು ಮುಟ್ಟುವ ಮೊದಲು ನನ್ನ ಪಕ್ಕದಲ್ಲಿ ಕೂತು, "ದಿನಾ ಹೆಂಗ್ ಓಡಿಸ್ತ್ರೋ ಹಾಂಗೇ ಓಡ್ಸಿ, ನಾ ನೋಡ್ತೆ" ಎಂದ. ಸುಮಿತ್ರಾ ಹಿಂದೆ ಕೂತಳು. ನಾನು ಪರಿಣತನಂತೆ ಹೊರಟೆ. ಇಳಿಜಾರು ಬಂತು. ಅಭ್ಯಾಸದಂತೆ ಗೇರಿನ ಹಿಡಿಯನ್ನು ನ್ಯೂಟ್ರಲಿಗೆ ದೂಡಿದೆ.

"ಈಗ ಎಂತ ಮಾಡಿದ್ರಿ?"

"ನ್ಯೂಟ್ರಲ್. ಇಳುಕಲಲ್ಲಿ ಇಂಜಿನ್ ಎಂತಕ್ಕೆ ದುಡೀಬೇಕು? ಪೆಟ್ರೋಲ್ ಉಳೀತದೆ."

ಇದು ನನ್ನ ಸ್ವಂತ ಸಂಶೋಧನೆಯಲ್ಲ. ಮೀನಿನ ಟೆಂಪೋ ಓಡಿಸುತ್ತಿದ್ದ ನನ್ನ ಮಾವನಿಂದ ಬಂದ ವಿದ್ಯೆ. ಕಾರವಾರದ ದಾರಿಯ ಬಿಣಗಾ ಘಟ್ಟದ ತುದಿಯಿಂದ ಬುಡದವರೆಗೆ ಒಂದು ತೊಟ್ಟೂ ಎಣ್ಣೆ ಸುಡದೆ ಇಳಿದವನೇ ನಿಜವಾದ ಡ್ರೈವರು ಎಂದು ನಮ್ಮ ಕಡೆ ನಂಬಿಕೆ. ಇಳಿಜಾರು ಮುಗಿದ ಮೇಲೆ, ಗಾಡಿ ಓಡುತ್ತಿರುವಾಗಲೇ, ಹಿಡಿಯನ್ನು ಮತ್ತೆ ಹಿಂದಕ್ಕೆಳೆದೆ. ಕೆಳಗೆಲ್ಲೋ ದಡ್ ಎಂದಿತು. ಮೇಸ್ತ್ರಿ ಕಣ್ಣು ಮುಚ್ಚಿಕೊಂಡ. ಮುಂದಿನ ಏರಿನಲ್ಲಿ ಲಾರಿಗಳ ಸಾಲು ನಿಂತಿತ್ತು. ನಾನು ಬ್ರೇಕು ಮುಟ್ಟದೆ, ಎಕ್ಸಲರೇಟರನ್ನು ಹದವಾಗಿ ಒತ್ತಿ, ಗಾಡಿ ಹಿಂದಕ್ಕೂ ಜಾರದಂತೆ ಮುಂದಕ್ಕೂ ಹೋಗದಂತೆ ನಿಲ್ಲಿಸಿ, ಮೆಚ್ಚುಗೆಗಾಗಿ ಅವನತ್ತ ತಿರುಗಿದೆ.

"ಸರ್, ದಿನಾ ಹಿಂಗೇ ನಿಲ್ಸೂದಾ?"

"ಏರಲ್ಲಿ ಮತ್ತೆ ಹೇಂಗೆ? ಇದು ಎಲ್ಲರಿಗೂ ಬರೂದಿಲ್ಲ."

"ದೇವಾ!" ಎಂದ ಮೇಸ್ತ್ರಿ. "ಹೊರಗೆ ಗಾಡಿ ನಿಂತಂಗೆ ಕಾಣ್ತದೆ ಮಾರಾಯ್ರೆ, ಒಳಗೆ ಎಣ್ಣೆ ಕಡ್ದು ಕಡ್ದು ಕುದೀತಾ ಇರ್ತದೆ. ಟಾರ್ಕ್ ಕನ್ವರ್ಟರ್ ಸುಟ್ಟದ್ದು ಇದ್ರಿಂದ. ಬಾಯೋರೆ, ನೀವೂ ಹಿಂಗೇ ಓಡಿಸ್ತ್ರಾ?"

"ನಂಗೆ ಇಷ್ಟೆಲ್ಲ ಬರೂದಿಲ್ಲ" ಎಂದಳು ಸುಮಿತ್ರಾ. "ನಾ ನಿಂತಲ್ಲಿ ಬ್ರೇಕ್ ಒತ್ತಿ ಸುಮ್ಮನೆ ಕೂತಿರ್ತೆ."

"ಹಂಗೇ ಮಾಡ್ಬೇಕಾದ್ದು" ಎಂದ ಮೇಸ್ತ್ರಿ. ಕನ್ನಡಿಯಲ್ಲಿ ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಗೇರುಪೆಟ್ಟಿಗೆಯನ್ನು ಇಳಿಸಿದ ದಿನ ಮೇಸ್ತ್ರಿ ನಮ್ಮನ್ನು ಕರೆಸಿದ. ಟಾರ್ಕ್ ಕನ್ವರ್ಟರ್ ಎಂದರೆ ಎರಡು ದಪ್ಪ ಕಬ್ಬಿಣದ ಬೋಗುಣಿಗಳನ್ನು ಬಾಯಿಗೆ ಬಾಯಿ ಹಚ್ಚಿ ಬೆಸೆದಂಥ ವಸ್ತು. ಅದರೊಳಗೆ ಎದುರುಬದುರು ಎರಡು ಫ್ಯಾನು, ನಡುವೆ ಎಣ್ಣೆ. ಇಂಜಿನ್ ಒಂದನ್ನು ತಿರುಗಿಸಿದರೆ ಎಣ್ಣೆಯ ರಭಸಕ್ಕೆ ಇನ್ನೊಂದು ತಿರುಗುತ್ತದೆಯಂತೆ. ಕೆಂಪಗಿರಬೇಕಾದ ಎಣ್ಣೆ ಡಿಕಾಕ್ಷನ್ನಿನಂತೆ ಕಪ್ಪಾಗಿತ್ತು. ಮೇಸ್ತ್ರಿ ಬೆರಳು ಅದ್ದಿ ನನ್ನ ಮೂಗಿನ ಹತ್ತಿರ ಹಿಡಿದ. ಹೊತ್ತಿದ ವಾಸನೆ. ಹೊಸದು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬಂತು. ಕೊಳವೆಗಳನ್ನೆಲ್ಲ ತೊಳೆದು, ಹೊಸದರ ಹೊಟ್ಟೆಗೆ ಎಣ್ಣೆ ಕುಡಿಸಿ, ಅದನ್ನು ಗೇರುಪೆಟ್ಟಿಗೆಯ ದಂಡಕ್ಕೆ ಏರಿಸಿ ಮೆಲ್ಲಗೆ ತಿರುಗಿಸತೊಡಗಿದ. "ಮೂರ್ ಸಲ ಟಕ್ ಅನ್ಬೇಕು. ಎರಡಕ್ಕೇ ಬೋಲ್ಟ್ ಬಿಗದ್ರೆ ಒಳಗೆ ಪಂಪು ಪುಡಿ. ಬಾಯೋರೆ, ನೀವು ಕಿವಿ ಇಡಿ." ಸುಮಿತ್ರಾ ಬಗ್ಗಿ ಕಿವಿಯಿಟ್ಟಳು. ಮೂರನೆಯ ಟಕ್ ಕೇಳಿದಾಗ ನಕ್ಕಳು. ಬಹಳ ತಿಂಗಳ ಮೇಲೆ ಅವಳು ನಕ್ಕದ್ದು ನೋಡಿ ನನಗೂ ಖುಷಿಯಾಯಿತು.

ಮನೆಗೆ ಬಂದ ಮೇಲೆ ಅವಳು ಬೈಯಲಿಲ್ಲ. "ನಮ್ಮ ಆಫೀಸಲ್ಲೂ ಅದ್ನೇ ಹೇಳಿ ನಗ್ತಾರೆ. ನಿಮ್ಮ ಆಫೀಸಲ್ಲಿ ಮಾತ್ರ ಹೇಳಿ ಬನ್ನಿ, ತಪ್ಪು ನಂದಲ್ಲ ಅಂತ. ಅಷ್ಟು ಸಾಕು" ಎಂದಳು. ನನ್ನ ಅಭಿನಯದ ಕೀರ್ತಿ ಅವಳ ಕಚೇರಿಯನ್ನೂ ತಲುಪಿತ್ತೆಂದು ನನಗೆ ಗೊತ್ತಾದದ್ದೇ ಆಗ. ಮರುದಿನ ಹೇಳಬೇಕೆಂದೇ ಹೋದೆ. ಗಣಪತಿಯವರು ಹೊಸಬರೊಬ್ಬರನ್ನು ಕೂರಿಸಿಕೊಂಡು, "ಸರ್, ಇವ್ರು ನೋಡ್ಲಿಲ್ಲ, ಒಂದ್ ಸಲ ಮಾಡಿ ತೋರ್ಸಿ" ಎಂದರು. ನಾನು ಬಾಯಿ ತೆರೆದೆ. ಎಲ್ಲರೂ ನಗಲು ತಯಾರಾಗಿ ನೋಡುತ್ತಿದ್ದರು. ಫೈಲುಗಳನ್ನು ನೆಲದ ಮೇಲಿಟ್ಟೆ.

ಸಂಜೆ ಅವಳು ಕೇಳಿದಾಗ "ಹೇಳ್ದೆ" ಎಂದೆ. ಅವಳು ನಂಬಿದಳು, ಕೀಲಿ ತೆಗೆದುಕೊಂಡಳು. ಒಂಬತ್ತು ದಿನ ಬೆಳಿಗ್ಗೆ ಸಂಜೆ ಎರಡೂ ಹೊತ್ತು ಅವಳೇ ಓಡಿಸಿದಳು. ಗಾಡಿ ಒಂದಿಷ್ಟೂ ನಡುಗಲಿಲ್ಲ. ಒಂಬತ್ತನೆಯ ದಿನ ನನ್ನನ್ನು ಕರೆದೊಯ್ಯಲು ಬಂದಾಗ ನಮ್ಮವರೆಲ್ಲ ವರಾಂಡದಲ್ಲಿ ನಿಂತಿದ್ದರು. "ಬಾಯೋರೆ, ಈಗಾದ್ರೂ ಒಂದೇ ಕಾಲಲ್ಲಿ ತುಳೀತ್ರೋ?" ಎಂದು ಗಣಪತಿಯವರು ಕೂಗಿದರು. ಎಲ್ಲರೂ ನಕ್ಕರು. ಸುಮಿತ್ರಾ ನನ್ನನ್ನು ನೋಡಿದಳು. ಒಂದೇ ಕ್ಷಣ. ಆಮೇಲೆ ಅವರತ್ತ ತಿರುಗಿ, "ಹೌದ್ರೀ, ನಂದೇ ತಪ್ಪು. ಇವ್ರು ಪಾಪ, ಎಷ್ಟ್ ಸಹಿಸ್ಕಂಡ್ರು" ಎಂದಳು. ನನ್ನ ಮರ್ಯಾದೆ ಉಳಿಯಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

ಮರುದಿನದಿಂದ ಅವಳು ಬಸ್ಸಿಗೆ ಹೋಗುತ್ತಾಳೆ. ನಾನು ಒಬ್ಬನೇ ಹೊಸ ಟಾರ್ಕ್ ಕನ್ವರ್ಟರಿನ ಮೇಲೆ ಸುಖವಾಗಿ ತೇಲಿಕೊಂಡು ಹೋಗುತ್ತೇನೆ. ಬಾಯಲ್ಲಿ ಹೇಳಲಾಗದ್ದನ್ನು ಬರೆದಾದರೂ ಬಿಡೋಣ ಎಂದು ಇದನ್ನು ಬರೆದು ಅವಳಿಗೆ ಓದಲು ಕೊಟ್ಟೆ. ಪೂರ್ತಿ ಓದಿದಳು, ಎರಡು ಕಡೆ ಕಾಗುಣಿತ ತಿದ್ದಿದಳು. "ಚಲೋ ಅದೆ. ನಿಮ್ಮ ಆಫೀಸಿನ ನೋಟೀಸ್ ಬೋರ್ಡಿಗೆ ಹಚ್ಚಿ. ಅಲ್ಲೀವರೆಗೆ ನಂಗೆ ಬಸ್ಸೇ ಆಗ್ತದೆ" ಎಂದಳು. ಇದಾಗಿ ಹನ್ನೊಂದು ದಿನವಾಯಿತು. ಗುಂಡುಪಿನ್ನಿನ ಹೊಸ ಡಬ್ಬಿ ತಂದು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಹಾಳೆಗಳು ಇನ್ನೂ ಚೀಲದಲ್ಲಿವೆ.