ಮೊದಲ ಪುಟದ ಕೊಲೆಗಾರ

ನಮ್ಮ ತಾಳವಾಡಿ ಬೆಟ್ಟದ ಮೇಲೆ ಅನುಮಾನಪಡಲು ಕಾರಣ ಬೇಕಿಲ್ಲ, ಬಿಡುವಿದ್ದರೆ ಸಾಕು. ಊರಿಗೆ ಹೊಸ ಬೈಕು ಬಂದರೆ ಸರ್ವೆಯವರು ಬಂದರು ಅನ್ನುತ್ತಾರೆ. ಹಳೆ ಬೈಕು ಬಂದರೆ, ಸರ್ವೆಯವರೇ ವೇಷ ಮರೆಸಿಕೊಂಡು ಬಂದಿದ್ದಾರೆ ಅನ್ನುತ್ತಾರೆ.

ನಾನು ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮನೆ ಪಣಕಹಳ್ಳಿ. ಕೆಲಸ ತಾಳವಾಡಿಯ ಒಂದು ಗೊಬ್ಬರದಂಗಡಿಯಲ್ಲಿ. ರೈತರು ಎಲೆ ತಂದು ತೋರಿಸುತ್ತಾರೆ, ನಾನು ರೋಗ ಯಾವುದೆಂದು ಹೇಳುತ್ತೇನೆ. ಬಿಡುವಿನಲ್ಲಿ ಹಕ್ಕಿ ನೋಡುತ್ತೇನೆ, ಮಳೆ ಅಳೆಯುತ್ತೇನೆ, ಪತ್ತೇದಾರಿ ಕಾದಂಬರಿ ಓದುತ್ತೇನೆ. ಇವುಗಳಿಂದ ಯಾರಿಗೂ ತೊಂದರೆಯಿಲ್ಲ ಎಂದುಕೊಂಡಿದ್ದೆ. ಮೂರರಲ್ಲೂ ಸಿಕ್ಕಿಬಿದ್ದೆ. ಮೂರನೆಯದರಲ್ಲಂತೂ ನಮ್ಮ ಅಜ್ಜಿಯ ಸಂಜೆಯ ಕತೆಯೇ ನಿಂತುಹೋಗುವುದರಲ್ಲಿತ್ತು.

ದುರ್ಬೀನು

ಮೊದಲು ಅನುಮಾನಪಟ್ಟವರು ಪಕ್ಕದ ಮನೆಯ ಚಿಕ್ಕಪ್ಪ. ರಕ್ತಸಂಬಂಧವಿಲ್ಲ, ಚಿಕ್ಕಂದಿನಿಂದ ಹಾಗೇ ಕರೆದು ರೂಢಿ. ನಾನು ತಾರಸಿ ಮೇಲೆ ದುರ್ಬೀನು ಹಿಡಿದು ನಿಂತಿದ್ದೆ. ಅವರು ಕೆಳಗಿನಿಂದ ಕೂಗಿದರು.

"ಏನ್ಲಾ ನೋಡ್ತಾ ಇದ್ದೈ?"

"ಮರಕುಟಿಗ, ಚಿಕ್ಕಪ್ಪ."

"ಮರಕುಟಿಗ ನೋಡಕ ಮಿಶಿನ್ ಬೇಕಾ? ನಿಜ ಏಳ್ಲಾ. ಫಾರೆಸ್ಟ್‌ನೋರು ಕೊಟ್ಟವ್ರಾ?"

ಮರುದಿನ ಅವರ ಬೀನ್ಸ್ ಚಪ್ಪರಕ್ಕೂ ನಮ್ಮ ತಾರಸಿಗೂ ನಡುವೆ ಒಂದು ಹಳೆ ಸೀರೆ ನೇತಾಡುತ್ತಿತ್ತು. ಅನುಮಾನ ಹೋಗಲೆಂದು ಅವರನ್ನೇ ಮೇಲಕ್ಕೆ ಕರೆದು ದುರ್ಬೀನು ಕೊಟ್ಟೆ. ಮರದ ಕಡೆ ತೋರಿಸಿದೆ. ಅವರು ಮರ ದಾಟಿ ಹೊಲದ ಕಡೆ ತಿರುಗಿಸಿದರು. ಅಲ್ಲಿ ಅವರ ಹೊಲ, ಬದುವಿನಾಚೆ ಅವರ ಅಣ್ಣನ ಹೊಲ. ಅಣ್ಣ ಪ್ರತಿ ವರ್ಷ ಬದು ಕೆತ್ತಿ ತಮ್ಮನ ಹೊಲ ಸ್ವಲ್ಪ ಸ್ವಲ್ಪ ತಿನ್ನುತ್ತಾರೆ ಎನ್ನುವುದು ಚಿಕ್ಕಪ್ಪನ ಬದುಕಿನ ಮುಖ್ಯ ಅನುಮಾನ.

"ಅಯ್ಯೋ! ನೋಡ್ಲಾ, ಬದದ ಮ್ಯಾಲ ಕುಂತವ್ನ ಕಣ!"

ನಾನೂ ನೋಡಿದೆ. ಆ ಅಣ್ಣ, ನನ್ನ ಬಾಯಲ್ಲಿ ದೊಡ್ಡಪ್ಪ, ಬದುವಿನ ಮೇಲೆ ಕೂತು ಮುದ್ದೆ ಉಣ್ಣುತ್ತಿದ್ದರು.

"ಉಣ್ತಾವ್ರೆ, ಚಿಕ್ಕಪ್ಪ."

"ಉಂಡು ಶಕ್ತಿ ಬಂದ ಮ್ಯಾಲ ಕೆತ್ತಾನ."

ದುರ್ಬೀನು ಅಂದೇ ಅವರ ಮನೆಯ ಮೊಳೆಗೆ ಹೋಯಿತು. ಕೇಳಿದರೆ "ನಾಳ ಕೊಡ್ತೀನಿ" ಎನ್ನುತ್ತಾರೆ. ಹಕ್ಕಿಗಳನ್ನು ಈಗ ಬರಿಗಣ್ಣಿನಲ್ಲೇ ನೋಡುತ್ತೇನೆ. ದೊಡ್ಡಪ್ಪನ ಬುತ್ತಿಯಲ್ಲಿ ಇವತ್ತು ಯಾವ ಸಾರು ಎಂಬುದು ಮಾತ್ರ ಬೀದಿಗೆಲ್ಲ ಗೊತ್ತಾಗುತ್ತದೆ.

ಮಳೆ ಬಾಟಲಿ

ಎರಡನೆಯದರಲ್ಲಿ ಅನುಮಾನಪಟ್ಟವನು ನಾನು.

ಒಂದು ಪ್ಲಾಸ್ಟಿಕ್ ಬಾಟಲಿಯ ತಲೆ ಕತ್ತರಿಸಿ, ಅದನ್ನೇ ಬೋರಲು ಮಾಡಿ ಬಾಯಿಗೆ ಕೂರಿಸಿ, ಹೊರಗೆ ಸ್ಕೇಲ್ ಅಂಟಿಸಿ ಅಂಗಳದಲ್ಲಿ ಇಟ್ಟಿದ್ದೆ. ಗೆಟ್ಟವಾಡಿಯಲ್ಲಿ ನನ್ನ ಕಾಲೇಜಿನ ಗೆಳೆಯನೂ ಒಂದು ಇಟ್ಟಿದ್ದಾನೆ. ಬೆಳಿಗ್ಗೆ ಫೋನಿನಲ್ಲಿ ಇಬ್ಬರೂ ಅಳತೆ ಹೇಳಿಕೊಳ್ಳುತ್ತೇವೆ. ನಮ್ಮ ಕಡೆ ಮಳೆ ಒಂದು ಊರಿಗೆ ಸುರಿದು ಪಕ್ಕದ ಊರನ್ನು ಬಿಟ್ಟು ಹೋಗುವುದು ಮಾಮೂಲು. ಆ ಸಲ ಗೆಟ್ಟವಾಡಿಗೆ ದಿನವೂ ಬಂತು, ನಮಗೆ ಹನಿಯಿಲ್ಲ. ಫೋನಿನಲ್ಲಿ ನಾನು ಮತ್ತೆ ಮತ್ತೆ "ನಮ್ಮಲ್ಲಿ ಏನೂ ಇಲ್ಲ" ಎನ್ನುತ್ತಿದ್ದೆ.

ಆಮೇಲೆ ಒಂದು ಬೆಳಿಗ್ಗೆ ನೆಲ ಒಣಗಿತ್ತು, ಬಾಟಲಿಯಲ್ಲಿ ನೀರಿತ್ತು. ಮರುದಿನವೂ ಹಾಗೇ. ಇಬ್ಬನಿ ಎನ್ನೋಣವೆಂದರೆ ಅಷ್ಟು ಬರುವುದಿಲ್ಲ. ಬೀದಿಯ ಮಕ್ಕಳು ಎಂದುಕೊಂಡೆ. ಚಿಕ್ಕಪ್ಪ ಎಂದೂ ಅಂದುಕೊಂಡೆ. ಕೊನೆಗೆ ಬಾಟಲಿಯ ನೀರನ್ನು ಬಿಳಿ ತಟ್ಟೆಗೆ ಸುರಿದು ಪರೀಕ್ಷಿಸಿದೆ. ಮಳೆಯಲ್ಲಿ ಜೀರಿಗೆ ಇತ್ತು.

ನಮ್ಮ ಮನೆಯಲ್ಲಿ ಜೀರಿಗೆ ನೀರು ಕುಡಿಯುವವರು ಅಜ್ಜಿ ಒಬ್ಬರೇ.

"ಅಜ್ಜಿ, ಬಾಟಲಿಗೆ ನೀರು ಉಯ್ದಿದ್ದು ನೀವಾ?"

"ಊಂ ಕಣ್ಲಾ. ದಿನಾ ಪೋನಲ್ಲಿ ನಮಗಿಲ್ಲ ನಮಗಿಲ್ಲ ಅಂತೀಯೆ. ಗೆಟ್ಟವಾಡಿಯೋರು ಏನಂದ್ಕಂಡಾರು? ನಮ್ಮೂರ ಮಾನ ಉಳೀಬ್ಯಾಡ್ವಾ?"

"ಅಜ್ಜಿ, ಅದು ವಿಜ್ಞಾನ."

"ನಿನ್ನ ವಿಗ್ನಾನದಲ್ಲಿ ನಮ್ಮೂರೇ ಯಾಕ್ಲಾ ಸೋಲ್ಬೇಕು?"

ಗೆಳೆಯನಿಗೆ ಫೋನ್ ಮಾಡಿ ಹಿಂದಿನ ಅಳತೆ ತಪ್ಪು ಎಂದು ತಿಳಿಸಿದೆ. ಅವನು ಜೀರಿಗೆಯ ಕತೆಯನ್ನೂ ಪೂರ್ತಿ ಕೇಳಿಸಿಕೊಂಡ. ಆಮೇಲೆ, "ತಡಿ, ನಮ್ಮಜ್ಜಿಯನ್ನೂ ಒಂದು ಸಲ ಕೇಳ್ತೀನಿ" ಅಂದ.

ಕಪಾಟು

ತಾಳವಾಡಿಯ ಬಸ್ ನಿಲ್ದಾಣದ ಹತ್ತಿರ ಒಬ್ಬ ಟೈಲರ್ ಇದ್ದಾರೆ. ಎಲ್ಲರೂ ಮಾಸ್ಟರ್ ಎಂದು ಕರೆಯುತ್ತೇವೆ. ಅವರ ಅಂಗಡಿಯಲ್ಲಿ ಬಟ್ಟೆ ಕಪಾಟಿನ ಪಕ್ಕ ಇನ್ನೊಂದು ಕಪಾಟು, ಅದರ ತುಂಬ ಹಳೆಯ ಕನ್ನಡ ಪತ್ತೇದಾರಿ ಕಾದಂಬರಿಗಳು. ಚಾಮರಾಜನಗರಕ್ಕೆ ಗುಂಡಿ, ದಾರ ತರಲು ಹೋದಾಗ ಹಳೆ ಪುಸ್ತಕದ ಗಂಟೂ ತರುತ್ತಾರೆ. ಒಂದು ಸಂತೆಯ ದಿನ ಒಯ್ಯಬೇಕು, ಮುಂದಿನ ಸಂತೆಯ ದಿನ ತಂದಿಡಬೇಕು. ಅಷ್ಟೇ ನಿಯಮ. ರಾಜ್ಯದ ಗಡಿಯಾಚೆ ಉಳಿದ ನಮ್ಮಲ್ಲಿ ಕನ್ನಡ ಓದುವವರಿಗೆ ಬೇರೆ ದಿಕ್ಕಿಲ್ಲ.

ನಾನು ಪ್ರತಿ ಸಂತೆಗೂ ಎರಡು ಪುಸ್ತಕ ಒಯ್ಯುತ್ತಿದ್ದೆ. ಒಂದು ಅಜ್ಜಿಗೆ. ಅವರ ಕಣ್ಣಿಗೆ ಪೊರೆ ಬಂದಿದೆ, ಸಂಜೆ ಜಗಲಿಯಲ್ಲಿ ನಾನು ಓದಬೇಕು, ಅವರು ಕೇಳಬೇಕು. ಒಂದು ದಿನ ಓದದಿದ್ದರೆ ಊಟ ಬಡಿಸುವಾಗ ಮಾತಾಡುವುದಿಲ್ಲ. ಇನ್ನೊಂದು ಪುಸ್ತಕ ಚಿಕ್ಕಪ್ಪನಿಗೆ. ಅವರು ಜೋಳದ ಹೊಲದ ಅಟ್ಟಣೆ ಮೇಲೆ ಆನೆ ಕಾವಲು ಕೂರುತ್ತಾರೆ. ಕತ್ತಲಾಗುವವರೆಗೆ ಹೊತ್ತು ಹೋಗಬೇಕಲ್ಲ.

ಹೀಗಿರುವಾಗ ಯಾರೋ ಪುಸ್ತಕಗಳ ಮೊದಲ ಪುಟದಲ್ಲಿ, ಹೆಸರಿನ ಕೆಳಗೇ, ಪೆನ್ಸಿಲಿನಲ್ಲಿ ಬರೆಯತೊಡಗಿದರು. "ಕೊಂದವನು ವಕೀಲ." ಇನ್ನೊಂದರಲ್ಲಿ "ಕೊಂದವನು ಎಂಜಿನಿಯರ್." ಮತ್ತೊಂದರಲ್ಲಿ "ಕೊಂದವನು ಎಸ್ಟೇಟ್ ಮ್ಯಾನೇಜರ್." ಬೋರ್ಡಿನ ಮೇಲೆ ಬರೆದಂಥ ಬಿಡಿ ಬಿಡಿ ಅಕ್ಷರ. ಕೊಲೆಗಾರನ ಹೆಸರು ನೋಡಿದ ಮೇಲೆ ಓದಿ ಏನು ಸುಖ? ಒಯ್ದವರು ಹಾಗೆಯೇ ತಂದು ಮೇಜಿನ ಮೇಲೆ ಕುಕ್ಕತೊಡಗಿದರು. ಕೆಲವೇ ತಿಂಗಳಲ್ಲಿ ಕಪಾಟಿನಲ್ಲಿ ಶುದ್ಧವಾದ ಪುಸ್ತಕ ಸಿಗುವುದೇ ಕಷ್ಟವಾಯಿತು.

ಮಾಸ್ಟರ್ ಕತ್ತರಿ ಕೆಳಗಿಟ್ಟು ನನ್ನನ್ನು ನೋಡಿದರು.

"ಕೆಟ್ಟ ಪುಸ್ತಕ ಎಲ್ಲಾ ನಿನ್ನ ಬ್ಯಾಗಿಂದ್ಲೇ ಬಂದವ ಕಣಪ್ಪ."

"ನಾನಲ್ಲ, ಮಾಸ್ಟರ್."

"ನೀ ಸೈನ್ಸ್ ಓದ್ದೋನು. ನಿಂಗ ಮೊದ್ಲು ರಿಸಲ್ಟ್ ಬೇಕು."

"ನನ್ನ ಹತ್ರ ಪೆನ್ಸಿಲೇ ಇಲ್ಲ."

"ಕಿವಿ ಮ್ಯಾಲ ಇರದು ಏನು?"

ತೆಗೆದು ನೋಡಿದೆ. ಅಂಗಡಿಯಲ್ಲಿ ಗೊಬ್ಬರದ ಮೂಟೆಗೆ ಗುರುತು ಹಾಕುವ ಪೆನ್ಸಿಲ್.

"ಮುಂದಿನ ಸಂತೆ ಒಳಗ ಬರ್ದೋರು ಯಾರು ಅಂತ ತೋರ್ಸು. ಇಲ್ದಿದ್ರ ಈ ಕಪಾಟು ನಿಂಗಿಲ್ಲ."

ಅದುವರೆಗೆ ಓದಲು ಒಂದು ಪುಸ್ತಕ ಮಾತ್ರ ಕೊಟ್ಟರು. "ಕೊಂದವನು ವಕೀಲ" ಎಂದಿದ್ದದ್ದು. ಅಜ್ಜಿಗೆ ಏನು ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದೆ.

ಗಂಟಲು ನೋವು

ಕ್ರಮವಾಗಿ ಯೋಚಿಸಿದೆ. ನನ್ನ ಬ್ಯಾಗಿನಿಂದ ಹೋದವು ಒಂದೋ ನಾನು ಓದಿದ್ದು, ಇಲ್ಲವೇ ಚಿಕ್ಕಪ್ಪ ಓದಿದ್ದು. ಚಿಕ್ಕಪ್ಪನನ್ನು ಬಿಟ್ಟುಬಿಟ್ಟೆ. ಅವರು ಗುರುತಿಗೆ ಇಡುವ ಬೆಂಕಿಕಡ್ಡಿ ಎಂದೂ ಮೊದಲ ಕೆಲವು ಪುಟ ದಾಟಿದ್ದಿಲ್ಲ. ಅಷ್ಟರಲ್ಲಿ ಆನೆ ಬರುತ್ತದೆ, ತಗಡು ಬಡಿಯಲು ಇಳಿಯುತ್ತಾರೆ. ಕೊನೆಯ ಪುಟ ಮುಟ್ಟದವರಿಗೆ ಕೊಲೆಗಾರ ಹೇಗೆ ಗೊತ್ತಾಗಬೇಕು? ಅಲ್ಲದೆ ಅವರ ಅನುಮಾನವೆಲ್ಲ ಅಣ್ಣನಿಗೇ ಮೀಸಲು.

ಹಾಗಾದರೆ ಕಪಾಟಿನಲ್ಲಿದ್ದಾಗಲೇ ಯಾರೋ ಬರೆದಿದ್ದಾರೆ. ಆ ಕಪಾಟಿಗೆ ಹೆಚ್ಚು ಬರುವವರು ಆಸ್ಪತ್ರೆಯ ನರ್ಸಮ್ಮ.

ಅವರ ಅಕ್ಷರ ಬೇಕಿತ್ತು. ಗಂಟಲು ನೋವು ಎಂದು ಆಸ್ಪತ್ರೆಗೆ ಹೋದೆ. ಬಾಯಿ ಮುಕ್ಕಳಿಸುವ ವಿಧಾನವನ್ನು ಕನ್ನಡದಲ್ಲಿ ಬರೆದುಕೊಡಿ ಎಂದು ಕೇಳಿದೆ.

"ಬಿಸಿನೀರು, ಉಪ್ಪು. ಇದನ್ನೂ ಬರೀಬೇಕಾ?"

"ಮರೆತುಹೋಗುತ್ತೆ."

ಅವರು ನನ್ನನ್ನು ಒಂದು ಥರ ನೋಡಿ ಬರೆದುಕೊಟ್ಟರು. ಆಮೇಲೆ ನನ್ನ ಮುಂದೆ ಒಂದು ಹಾಳೆ ತಳ್ಳಿದರು. "ನಿಮ್ಮ ತೊಂದರೆ ನೀವೇ ಬರೀರಿ. ನೋವು ಎಲ್ಲಿ, ಯಾವಾಗಿಂದ, ಮನೆಯಲ್ಲಿ ವಕೀಲರು, ಎಂಜಿನಿಯರು ಯಾರಾದ್ರೂ ಇದ್ದಾರಾ, ಎಲ್ಲಾ."

ಗಂಟಲು ನೋವಿಗೂ ವಕೀಲರಿಗೂ ಏನು ಸಂಬಂಧ ಎಂದು ಕೇಳಲಿಲ್ಲ. ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಬರೆದುಕೊಟ್ಟೆ. ಅವರು ತಮ್ಮ ಮೇಜಿನ ಖಾನೆಯಿಂದ ಒಂದು ಕಾದಂಬರಿ ತೆಗೆದು ನನ್ನ ಅಕ್ಷರಕ್ಕೆ ಹೋಲಿಸಿದರು. ನಾನು ನನ್ನ ಬ್ಯಾಗಿನಿಂದ ಇನ್ನೊಂದು ತೆಗೆದು ಅವರ ಅಕ್ಷರಕ್ಕೆ ಹೋಲಿಸಿದೆ. ಎರಡೂ ಹೊಂದಲಿಲ್ಲ.

"ಹಾಗಾದ್ರೆ ನೀವಲ್ಲ" ಎಂದರು ಅವರು.

"ನೀವೂ ಅಲ್ಲ" ಎಂದೆ ನಾನು.

ಎದ್ದು ಹೊರಟೆ. ಅವರು ಸೂಜಿ ಹಿಡಿದು ನಿಂತಿದ್ದರು.

"ಎಲ್ಲಿಗೆ? ಗಂಟಲು ನೋವು ಅಂತ ನಿಮ್ಮ ಕೈಯಾರೆ ಬರೆದುಕೊಟ್ಟಿದ್ದೀರಲ್ಲ."

ಅಜ್ಜಿ ಕೇಳಿದ ಕತೆ

ಸಂಜೆ ಜಗಲಿಯಲ್ಲಿ ಪುಸ್ತಕ ಮಡಿಸಿ ಇಟ್ಟುಕೊಂಡು ಹೇಳಿದೆ. "ಅಜ್ಜಿ, ಇದು ಬೇಡ. ಕೊಂದವನು ವಕೀಲ ಅಂತ ಮೊದಲೇ ಬರೆದುಬಿಟ್ಟಿದ್ದಾರೆ."

"ಯಾರ್ಲಾ ಬರ್ದೋರು?"

"ಗೊತ್ತಿಲ್ಲ."

"ಅವನು ಕಂಡಿದ್ನಾ?"

"ಅಜ್ಜಿ, ಓದಿರ್ತಾನೆ."

"ಯಾರೋ ಗೀಚ್ದ ಅಂತ ಒಬ್ಬ ಲಾಯರನ್ನ ಜೈಲಿಗ ಆಕ್ಬುಡದಾ? ಓದ್ಲಾ ಸುಮ್ನ."

ಓದಿದೆ. ಸತ್ತವನು ಗಡಿಯಾರ ರಿಪೇರಿ ಮಾಡುವವನು. ವಕೀಲ ಒಳ್ಳೆಯವನಂತೆ ನಟಿಸುತ್ತಿದ್ದಾನೆ ಎಂದುಕೊಂಡು ನಾನು ಕೊನೆಯವರೆಗೂ ಅವನ ಮೇಲೇ ಕಣ್ಣಿಟ್ಟೆ. ಕೊನೆಯ ಪುಟದಲ್ಲಿ ವಕೀಲ ನಿಜವಾಗಿಯೂ ಒಳ್ಳೆಯವನೇ. ಕೊಂದವನು ಮನೆಗೆ ಹಾಲು ತರುವವನು.

ನಾನು ಬೆಪ್ಪಾಗಿ ಕೂತೆ. ಮೊದಲ ಪುಟದ ಬರಹ ಸುಳ್ಳು. ನಾವು ಒಬ್ಬರನ್ನೊಬ್ಬರು ಅನುಮಾನಿಸಿದ್ದೆವು, ಬರೆದದ್ದನ್ನು ಮಾತ್ರ ಯಾರೂ ಅನುಮಾನಿಸಿರಲಿಲ್ಲ. ಕೊನೆಯವರೆಗೆ ಯಾರೂ ಓದಿಯೇ ಇರಲಿಲ್ಲ.

ಅಜ್ಜಿಗೆ ಮಾತ್ರ ಆಶ್ಚರ್ಯವಾಗಲಿಲ್ಲ. "ನಂಗ ಮೊದ್ಲೇ ಗೊತ್ತಿತ್ತು ಕಣ. ಆಲಿಗ ನೀರು ಬೆರ್ಸೋನು ಏನ್ ಬೇಕಾದ್ರೂ ಮಾಡ್ತಾನ."

ಮಳೆಗೆ ನೀರು ಬೆರೆಸಿದವರ ಮಾತು ಇದು.

ಸಂತೆಯ ದಿನ

ಮತ್ತೆ ಕ್ರಮವಾಗಿ ಯೋಚಿಸಿದೆ. ಹೆಸರು ಸುಳ್ಳಾದರೆ, ಬರೆದವರು ಕೊನೆಯ ಪುಟ ಓದಿಲ್ಲ. ನನ್ನ ಬ್ಯಾಗಿನ ಪುಸ್ತಕ ಹಿಡಿದು ಕೊನೆಯ ಪುಟ ಮುಟ್ಟದವರು ಒಬ್ಬರೇ. ಯಾವ ಕಾರಣಕ್ಕೆ ಅವರನ್ನು ಬಿಟ್ಟಿದ್ದೆನೋ ಅದೇ ಕಾರಣಕ್ಕೆ ಈಗ ಹಿಡಿಯಬೇಕಾಯಿತು.

ಸಂತೆಯ ದಿನ ಬೆಳಿಗ್ಗೆಯೇ ಅಂಗಡಿಗೆ ಹೋಗಿ ಕೆಟ್ಟ ಪುಸ್ತಕಗಳ ಆರಂಭವನ್ನೂ ಕೊನೆಯನ್ನೂ ಓದಿದೆ. ಎಲ್ಲವೂ ಸುಳ್ಳು. ಆದರೆ ಸುಳ್ಳಿನಲ್ಲೂ ಒಂದು ಕ್ರಮವಿತ್ತು. ವಕೀಲ, ಸತ್ತವನ ಅಣ್ಣ. ಎಂಜಿನಿಯರ್, ನಾಯಕಿಯ ಅಣ್ಣ. ಎಸ್ಟೇಟ್ ಮ್ಯಾನೇಜರ್, ಪತ್ತೇದಾರನ ಸ್ವಂತ ಅಣ್ಣ. ಒಂದು ಪುಸ್ತಕದಲ್ಲಿ ಯಾರಿಗೂ ಅಣ್ಣನಿರಲಿಲ್ಲ. ಅದರಲ್ಲಿ "ಕೊಂದವನು ಇನ್ನೂ ಬಂದಿಲ್ಲ" ಎಂದು ಬರೆದಿತ್ತು.

ಚಿಕ್ಕಪ್ಪ ಬೀನ್ಸ್ ಮಾರಿ ಅಂಗಡಿಗೆ ಬಂದರು. ಕೊರಳಲ್ಲಿ ನನ್ನ ದುರ್ಬೀನು. ನರ್ಸಮ್ಮ ರವಿಕೆ ಅಳತೆ ಕೊಡುವ ನೆಪದಲ್ಲಿ ಮೊದಲೇ ಬಂದು ಕೂತಿದ್ದರು. ಮಾಸ್ಟರ್ ಮಿಶಿನ್ ನಿಲ್ಲಿಸಿದರು. ನಾನು ಪುಸ್ತಕ ಮುಂದಿಟ್ಟೆ.

"ಚಿಕ್ಕಪ್ಪ, ಇದು ಬರೆದದ್ದು ನೀವಾ?"

"ಊಂ ಕಣ್ಲಾ, ನಾನೇ" ಎಂದರು, ಅಳುಕೇ ಇಲ್ಲದೆ.

ಮಾಸ್ಟರ್ ಎದ್ದು ನಿಂತರು. "ಇಡೀ ಕಪಾಟೇ ಆಳು ಮಾಡ್ಬುಟ್ಟಲ್ಲಪ್ಪ! ಯಾಕ?"

"ಪೂರ್ತ ಓದಕ ಆನ ಎಲ್ಲಿ ಬುಡ್ತದ? ಅದ್ಕೇ ನಂಗ ತೋಚಿದ್ದ ಮೊದ್ಲೇ ಬರ್ದು ಕಳಿಸ್ತೀನಿ. ಪೂರ್ತ ಓದ್ದೋರು ಕೆಳಗ ಸರಿ ಅಂತನೋ ತಪ್ಪು ಅಂತನೋ ಬರೀತಾರ ಅಂತ ಕಾಯ್ತಾ ಕುಂತಿವ್ನಿ. ಒಬ್ರಾದ್ರೂ ಬರ್ದ್ರಾ? ನಿಮಗ ಅಷ್ಟೂ ಮರ್ಯಾದಿ ಇಲ್ವಾ?"

ನರ್ಸಮ್ಮ ಕೇಳಿದರು. "ಅಲ್ಲ ಚಿಕ್ಕಪ್ಪ, 'ಕೊಂದವನು' ಅಂತ ಬರೆಯೋ ಬದ್ಲು 'ನನ್ನ ಅನುಮಾನ' ಅಂತ ಬರೀಬಾರದಿತ್ತಾ?"

"ನಂಗ ಅನುಮಾನವೇ ಇರ್ನಿಲ್ವಲ್ಲವ್ವ."

ಮಾಸ್ಟರ್ ಕಪಾಟಿನ ಬಾಗಿಲು ತೆರೆದರು. ಆಮೇಲೆ ಒಂದಲ್ಲ, ಕೈಗೆ ಸಿಕ್ಕಷ್ಟು ಪುಸ್ತಕ ತೆಗೆದು ನನ್ನ ಬ್ಯಾಗಿಗೆ ತುಂಬಿದರು. "ಅಜ್ಜಿಗ ಓದು, ಓಗು" ಎಂದರು. ಕ್ಷಮಿಸು ಎನ್ನುವುದನ್ನು ಅವರು ಹಾಗೆ ಹೇಳಿದರು.

ಚಿಕ್ಕಪ್ಪ ನನ್ನ ತೋಳು ಹಿಡಿದರು. "ನೀ ಕೊನೆ ಪುಟ ಎಲ್ಲಾ ನೋಡಿದ್ದೈ. ಏಳ್ಲಾ, ನಾ ಬರ್ದಿದ್ದು ಎಷ್ಟು ಸರಿ ಅದ?"

"ಒಂದೂ ಇಲ್ಲ, ಚಿಕ್ಕಪ್ಪ."

"ಒಂದೂ?"

"ಒಂದೂ. ಯಾವ ಕತೆಯಲ್ಲೂ ಅಣ್ಣ ಕೊಂದಿಲ್ಲ."

ಅವರು ಬಾಗಿಲಿಗೆ ಹೋಗಿ, ಸಂತೆಯ ಜನರ ಕಡೆಗೆ ದುರ್ಬೀನು ತಿರುಗಿಸಿದರು. ಆಮೇಲೆ ಅದನ್ನು ಇಳಿಸಿ ನಮ್ಮ ಕಡೆ ತಿರುಗಿದರು.

"ಅಂಗಾದ್ರ ಈ ಕತೆ ಎಲ್ಲಾ ಬರ್ದಿರೋನೂ ಯಾವನ್ಗೋ ಅಣ್ಣನೇ ಕಣ್ಲಾ."